ಗಿಟಾರು, ಮೈಕು ಮತ್ತು ಗಾನವೃಂದ

ದೇವಾಲಯದ ಧ್ವನಿವರ್ಧಕದ ಬಗ್ಗೆ ನಮ್ಮಲ್ಲಿ ಟೀಕೆಗಳಿಗೆ ಕೊರತೆಯಿಲ್ಲ. ಪ್ರಬೋಧನೆ ಸರಿಯಾಗಿ ಕೇಳಿಸಲಿಲ್ಲ, ವಾಚನ ಅರ್ಥವಾಗಲಿಲ್ಲ, ನಡುವೆ ಮೈಕು ಕುಯ್ಯೆಂದು ಕಿರುಚಿತು ಎಂದು ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಮಾತನಾಡಿಕೊಳ್ಳುತ್ತೇವೆ. ಆದರೆ ಅದೇ ಧ್ವನಿವರ್ಧಕದ ಮೂಲಕ ಬಂದ ಗಿಟಾರಿನ ನಾದ ಹೇಗಿತ್ತು ಎಂದು ಕೇಳುವವರು ವಿರಳ. ಗಿಟಾರು ಕೇಳಿಸಿದರೆ ಸಾಕು ಎಂಬಲ್ಲಿಗೆ ನಮ್ಮ ಅಪೇಕ್ಷೆ ನಿಂತುಬಿಟ್ಟಿದೆ. ಕೇಳಿಸುವುದು ಬೇರೆ, ಗಿಟಾರಾಗಿ ಕೇಳಿಸುವುದು ಬೇರೆ. ಈ ವ್ಯತ್ಯಾಸವನ್ನು ಕುರಿತು ನಾಲ್ಕು ಮಾತುಗಳನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೈವಾರಾಧನೆಯ ಸಂವಿಧಾನವು ಪೈಪ್ ಆರ್ಗನ್ನಿಗೆ ಗೌರವದ ಸ್ಥಾನವನ್ನು ಉಳಿಸಿಕೊಂಡೇ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಅವು ಪವಿತ್ರ ಬಳಕೆಗೆ ತಕ್ಕವಾಗಿರಬೇಕು, ದೇವಾಲಯದ ಘನತೆಗೆ ಒಪ್ಪಬೇಕು, ಭಕ್ತರ ಆತ್ಮೋನ್ನತಿಗೆ ನೆರವಾಗಬೇಕು ಎಂಬ ಷರತ್ತುಗಳನ್ನೂ ಅದು ಇಟ್ಟಿತು. ಆ ಬಾಗಿಲಿನಿಂದಲೇ ಗಿಟಾರು ಒಳಬಂದಿತು. ಗಿಟಾರು ಬೇಕೇ ಬೇಡವೇ ಎಂಬ ಚರ್ಚೆ ದಶಕಗಳ ಕಾಲ ನಡೆದಿದೆ. ಆದರೆ ಯಾವ ನಾದದ ಗಿಟಾರು ಎಂಬ ಚರ್ಚೆ ನಡೆದದ್ದು ಕಡಿಮೆ. ಆರ್ಗನ್ ಇಡೀ ಕಟ್ಟಡವನ್ನು ತುಂಬಲೆಂದೇ ರೂಪುಗೊಂಡ ವಾದ್ಯ. ಗಿಟಾರಾದರೋ ಒಂದು ಕೋಣೆಯನ್ನು ತುಂಬಬಲ್ಲ ವಾದ್ಯ. ಐನೂರು ಜನರ ಮುಂದೆ ಅದನ್ನು ನುಡಿಸಿದಾಗ ಕೊನೆಯ ಬೆಂಚಿನವರೆಗೆ ಹೋಗುವುದು ವಾದ್ಯದ ನಾದವಲ್ಲ, ಮೈಕು ಆ ನಾದದಿಂದ ಎತ್ತಿಕೊಂಡ ಭಾಗ ಮಾತ್ರ. ಆದ್ದರಿಂದ ಮೈಕಿನ ಆಯ್ಕೆಯೂ ಅದರ ಸ್ಥಾನವೂ ಸಂಗೀತದ ಪ್ರಶ್ನೆಗಳೇ ಹೊರತು ವಿದ್ಯುತ್ ಕೆಲಸದವರಿಗೆ ಬಿಟ್ಟುಬಿಡುವ ಸಂಗತಿಗಳಲ್ಲ.

ಯಾವುದನ್ನಾದರೂ ವಿಮರ್ಶಿಸಲು ಒಂದು ಅಳತೆಗೋಲು ಬೇಕು. ತಂತಿವಾದ್ಯವೊಂದು ತಾನಾಗಿಯೇ ಕೇಳಿಸುವುದೆಂದರೆ ಏನು ಎಂಬುದಕ್ಕೆ ನಾನು ‘ಎ ಮೀಟಿಂಗ್ ಬೈ ದ ರಿವರ್’ ಎಂಬ ಧ್ವನಿಮುದ್ರಿಕೆಯನ್ನು ಮುಂದಿಡುತ್ತೇನೆ. 1992ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ನಗರದಲ್ಲಿ, ಫ್ರಾನ್ಸಿಸ್ಕನ್ ಸಭೆಯ ಸಂತ ಅಂತೋಣಿಯವರ ಗುರುಮಠದ ಕ್ರಿಸ್ತರಾಜ ಪ್ರಾರ್ಥನಾಲಯದಲ್ಲಿ ಇದು ಮುದ್ರಣಗೊಂಡಿತು. ಗಿಟಾರಿಗೆ ಶ್ರುತಿಯ ತಂತಿಗಳನ್ನೂ ಅನುರಣನದ ತಂತಿಗಳನ್ನೂ ಕೂಡಿಸಿ ತಾವೇ ರೂಪಿಸಿದ ಮೋಹನವೀಣೆಯನ್ನು ಪಂಡಿತ ವಿಶ್ವಮೋಹನ ಭಟ್ಟರು ನುಡಿಸಿದರೆ, ಅಮೆರಿಕದ ರೈ ಕೂಡರ್ ಬೆರಳಿಗೆ ಕೊಳವೆ ತೊಟ್ಟು ಗಿಟಾರನ್ನು ಜಾರುಸ್ವರದಲ್ಲಿ ನುಡಿಸಿದ್ದಾರೆ. ಜೊತೆಗೆ ಸುಖ್ವಿಂದರ್ ಸಿಂಗ್ ನಾಮಧಾರಿಯವರ ತಬಲಾ ಮತ್ತು ಕೂಡರ್ ಅವರ ಮಗ ಜೋಕಿಮ್ ನುಡಿಸಿದ ಡಂಬೆಕ್ ಎಂಬ ಚರ್ಮವಾದ್ಯ ಇವೆ. 1993ರಲ್ಲಿ ಪ್ರಕಟವಾದ ಈ ಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.

ಪ್ರಶಸ್ತಿಯ ಕಾರಣಕ್ಕಾಗಿ ನಾನು ಇದನ್ನು ಹೆಸರಿಸುತ್ತಿಲ್ಲ. ಇದನ್ನು ಕೇಳುವಾಗ ತಂತಿಯ ಮೇಲೆ ಉಕ್ಕಿನ ಸಲಾಕೆ ಜಾರುವ ಸದ್ದು, ಸ್ವರ ನಿಂತ ಮೇಲೂ ಹಿಂದೆ ಮಿನುಗುವ ಅನುರಣನ, ಮರದ ಹೊಟ್ಟೆಯ ಮೆಲುಗುಂಗು, ಇವೆಲ್ಲದರ ಸುತ್ತ ಆ ಪ್ರಾರ್ಥನಾಲಯದ ಗಾಳಿ, ಹೀಗೆ ಒಂದೊಂದೂ ತನ್ನ ತನ್ನ ಜಾಗದಲ್ಲಿ ಕೇಳಿಸುತ್ತದೆ. ಮುದ್ರಕರಾದ ಕವಿ ಅಲೆಕ್ಸಾಂಡರ್ ಅವರು ಅನುಸರಿಸಿದ್ದು ಬ್ಲೂಮ್‌ಲೈನ್ ಕ್ರಮವನ್ನು. ಆಂಗ್ಲ ತಂತ್ರಜ್ಞ ಆ್ಯಲನ್ ಬ್ಲೂಮ್‌ಲೈನ್ 1931ರಲ್ಲಿ ಹಕ್ಕುಪತ್ರಕ್ಕಾಗಿ ಅರ್ಜಿ ಸಲ್ಲಿಸಿದ ಕ್ರಮವಿದು. ಮುಂದಿನಿಂದಲೂ ಹಿಂದಿನಿಂದಲೂ ಸಮನಾಗಿ ಕೇಳುವ, ಪಕ್ಕದ ಸದ್ದಿಗೆ ಕಿವುಡಾದ ಎರಡು ಮೈಕುಗಳನ್ನು ಒಂದೇ ಜಾಗದಲ್ಲಿ ಒಂದರ ಮೇಲೊಂದು ಅಡ್ಡಲಾಗಿ, 90 ಡಿಗ್ರಿ ಕೋನದಲ್ಲಿ ನಿಲ್ಲಿಸುವುದು ಅದರ ತಿರುಳು. ಹೀಗೆ ಮುದ್ರಿಸಿದಾಗ ಆಮೇಲೆ ಒಂದು ವಾದ್ಯವನ್ನು ಮಾತ್ರ ಏರಿಸುವ, ಇನ್ನೊಂದನ್ನು ಇಳಿಸುವ ಅವಕಾಶವಿರುವುದಿಲ್ಲ. ವಾದಕರು ಎಷ್ಟು ಹತ್ತಿರ ಕುಳಿತರು, ಎಷ್ಟು ಮೆಲ್ಲಗೆ ನುಡಿಸಿದರು ಎಂಬುದರಿಂದಲೇ ಸಮತೋಲ ಹುಟ್ಟಬೇಕು. ಈ ಮಿತಿಯೇ ಮುದ್ರಿಕೆಯ ಶಕ್ತಿಯೂ ಆಗಿದೆ. ಅಲ್ಲಿ ಮೈಕು ಒಬ್ಬ ಒಳ್ಳೆಯ ಕೇಳುಗನ ಜಾಗದಲ್ಲಿ ನಿಂತಿದೆ. ಒಳ್ಳೆಯ ಕೇಳುಗನು ಗಿಟಾರಿನ ಹೊಟ್ಟೆಗೆ ಕಿವಿ ಒತ್ತಿ ಕೂರುವುದಿಲ್ಲ.

ಹಾಗಾದರೆ ನಮ್ಮ ದೇವಾಲಯಗಳಲ್ಲಿಯೂ ಮೈಕನ್ನು ಐದಾರು ಅಡಿ ದೂರ ನಿಲ್ಲಿಸಬಹುದೇ? ಇಲ್ಲ. ಧ್ವನಿಮುದ್ರಣದಲ್ಲಿ ಸ್ಪೀಕರುಗಳಿರುವುದಿಲ್ಲ, ದೇವಾಲಯದಲ್ಲಿ ಇರುತ್ತವೆ. ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕನ್ನು ಸೇರಿ, ಮತ್ತೆ ಹಿಗ್ಗಿ, ಮತ್ತೆ ಹೊರಬರುವ ಸುತ್ತಾಟವೇ ನಾವು ಕೇಳುವ ಆ ಕಿರುಚಾಟ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಂತೆಲ್ಲ ಮೈಕನ್ನು ತಲುಪುವ ನೇರ ಸದ್ದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. 20 ಸೆಂಟಿಮೀಟರಿನಲ್ಲಿದ್ದ ಮೈಕನ್ನು 160 ಸೆಂಟಿಮೀಟರಿಗೆ ಒಯ್ದರೆ ಇಳಿಕೆ 18 ಡೆಸಿಬೆಲ್. ಆ ಇಳಿಕೆಯನ್ನು ತುಂಬಲು ಮಿಕ್ಸರಿನಲ್ಲಿ ಅಷ್ಟನ್ನೂ ಏರಿಸಿದರೆ ಕಿರುಚಾಟ ಖಂಡಿತ. ಆದಕಾರಣ ನಾವು ಮೈಕನ್ನು ವಾದ್ಯದ ಸಮೀಪಕ್ಕೆ ತರಲೇಬೇಕಾಗುತ್ತದೆ. ಕಷ್ಟ ಆರಂಭವಾಗುವುದೇ ಅಲ್ಲಿ. ದೂರದಿಂದ ಒಂದಾಗಿ ಕೇಳಿಸುವ ಗಿಟಾರು ಸಮೀಪದಲ್ಲಿ ಒಂದಾಗಿರುವುದಿಲ್ಲ, ಅಂಗುಲ ಅಂಗುಲಕ್ಕೂ ಬೇರೆಯಾಗುತ್ತದೆ.

ಸಾಮಾನ್ಯವಾಗಿ ಕಾಣುವ ದೃಶ್ಯ ಇದು: ಹಾಡುವ ಮೈಕೊಂದನ್ನು ಗಿಡ್ಡ ಸ್ಟ್ಯಾಂಡಿಗೆ ಸಿಕ್ಕಿಸಿ, ಗಿಟಾರಿನ ದುಂಡು ತೂತಿಗೆ ನೇರವಾಗಿ, ಎರಡು ಬೆರಳು ದೂರದಲ್ಲಿ ಇಟ್ಟಿರುತ್ತಾರೆ. ಸದ್ದು ಹೊರಬರುವುದು ಅಲ್ಲಿಂದಲೇ ಎಂಬ ನಂಬಿಕೆ ಇದಕ್ಕೆ ಕಾರಣ. ನಿಜಸಂಗತಿ ಬೇರೆ. ಗಿಟಾರಿನ ನಾದದ ಬಹುಭಾಗ ಹುಟ್ಟುವುದು ಮುಂಭಾಗದ ತೆಳು ಹಲಗೆಯ ಕಂಪನದಿಂದ. ತಂತಿಗಳ ಕಂಪನವು ವೀಣೆಯಲ್ಲಿರುವಂತೆಯೇ ಇಲ್ಲಿಯೂ ಕುದುರೆಯ ಮೂಲಕ ಆ ಹಲಗೆಯನ್ನು ಸೇರುತ್ತದೆ. ತೂತಿನಿಂದ ಬಲವಾಗಿ ಹೊರಡುವುದು ಒಳಗಿನ ಗಾಳಿಯ ಗುಂಗು. ಖಾಲಿ ಸೀಸೆಯ ಬಾಯಿಗೆ ಊದಿದಾಗ ಬರುವ ಸದ್ದಿನಂತಹದು ಅದು. ಸಾಧಾರಣ ಗಿಟಾರುಗಳಲ್ಲಿ ಈ ಗುಂಗು 100 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್. ಎಂದರೆ ಮಂದ್ರದ ಸ್ವರಗಳೆಲ್ಲ ಈ ಗುಂಗಿನ ನೆರೆಹೊರೆಯಲ್ಲೇ ಇವೆ. ಇದರ ಮೇಲೆ ಇನ್ನೊಂದು ಸಂಗತಿ ಸೇರುತ್ತದೆ: ಒಂದು ದಿಕ್ಕಿನಿಂದ ಹೆಚ್ಚಾಗಿ ಕೇಳುವ ಮೈಕುಗಳನ್ನು ವಾದ್ಯಕ್ಕೆ ತೀರ ಸಮೀಪ ಇಟ್ಟರೆ ಅವು ಮಂದ್ರವನ್ನು ತಾವಾಗಿಯೇ ಉಬ್ಬಿಸುತ್ತವೆ. ಎರಡೂ ಕೂಡಿದಾಗ ‘ಬೊಂಯ್’ ಎನ್ನುವ ಡೊಳ್ಳಿನಂತಹ ಸದ್ದು ದೇವಾಲಯವನ್ನು ತುಂಬುತ್ತದೆ, ತಂತಿಗಳ ನುಡಿ ಮುಳುಗಿಹೋಗುತ್ತದೆ. ಆಗ ದೋಷವನ್ನು ವಾದಕನ ಮೇಲೋ ಅಗ್ಗದ ಗಿಟಾರಿನ ಮೇಲೋ ಹೊರಿಸುತ್ತೇವೆ.

ಪರಿಹಾರಕ್ಕೆ ಹಣ ಬೇಕಿಲ್ಲ. ದಂಡಿಯು ವಾದ್ಯದ ಒಡಲನ್ನು ಸೇರುವ ಜಾಗವನ್ನು, ಅಂದರೆ 12ರಿಂದ 14ನೆಯ ಮೆಟ್ಟಿಲಿನ ಸುತ್ತಲಿನ ಭಾಗವನ್ನು ನೋಡಿರಿ. ಮೈಕನ್ನು ಅದರ ಎದುರು ಒಂದು ಗೇಣು ದೂರದಲ್ಲಿ ಇಡಬೇಕು, ತೂತಿಗೆ ನೇರವಾಗಿ ಮುಖ ಮಾಡಿಸಬಾರದು. ಅಲ್ಲಿ ತಂತಿಯ ಸ್ಪಷ್ಟತೆ, ಹಲಗೆಯ ನಾದ, ಸ್ವಲ್ಪವೇ ಗುಂಗು ಹದವಾಗಿ ಕೂಡುತ್ತವೆ. ಅಲ್ಲಿಂದ ಎಡಬಲಕ್ಕೆ ಎರಡೆರಡು ಅಂಗುಲ ಸರಿಸುತ್ತಾ ಕೇಳಬೇಕು. ತೂತಿನ ಕಡೆ ಸರಿದಷ್ಟೂ ದಪ್ಪ, ದಂಡಿಯ ಮೇಲುಗಡೆ ಸರಿದಷ್ಟೂ ತೆಳುವು ಮತ್ತು ಬೆರಳು ಉಜ್ಜುವ ಸದ್ದು, ಕುದುರೆಯ ಹಿಂದಕ್ಕೆ ಒಯ್ದರೆ ಮರದ ನಾದ ಹೆಚ್ಚು, ಆದರೆ ಮೊನಚು ಕಡಿಮೆ. ಯಾವುದು ಸರಿ ಎಂಬುದನ್ನು ಆ ಗಿಟಾರು, ಆ ವಾದಕ, ಆ ಕಟ್ಟಡ ಮೂರೂ ಸೇರಿ ನಿರ್ಧರಿಸುತ್ತವೆ. ವಾದಕನು ಒಂದೇ ಭಂಗಿಯಲ್ಲಿ ಕುಳಿತು ನುಡಿಸುವುದೂ ಅಷ್ಟೇ ಅಗತ್ಯ. ಅವನು ತೂಗಾಡಿದರೆ ನಾದವೂ ತೂಗಾಡುತ್ತದೆ.

ಇನ್ನು ಮೈಕಿನ ಆಯ್ಕೆ. ನಮ್ಮಲ್ಲಿ ಹೆಚ್ಚಾಗಿ ಇರುವುದು ಡೈನಾಮಿಕ್ ಮೈಕು. ಇದರಲ್ಲಿ ಪರದೆಗೆ ಅಂಟಿದ ಸಣ್ಣ ತಂತಿಸುರುಳಿ ಕಾಂತದ ನಡುವೆ ಅಲುಗಾಡಿ ವಿದ್ಯುತ್ತನ್ನು ಹುಟ್ಟಿಸುತ್ತದೆ. 1966ರಲ್ಲಿ ಬಂದ ಶೂರ್ ಎಸ್‌ಎಂ 58 ಇದರ ಪ್ರಸಿದ್ಧ ಉದಾಹರಣೆ. ಅದು ಬಾಯಿಯ ಹತ್ತಿರ ಹಿಡಿದು ಹಾಡಲೆಂದು ರೂಪಿಸಿದ್ದು, ಗಟ್ಟಿಮುಟ್ಟು, ದಶಕಗಳು ಕಳೆದರೂ ಕೆಡದು. ಆದರೆ ಸುರುಳಿಯ ಭಾರವನ್ನು ಹೊತ್ತ ಪರದೆ ಗಿಟಾರಿನ ಸೂಕ್ಷ್ಮವಾದ ತಾರಸ್ವರಗಳಿಗೆ ಬೇಗನೆ ಮಿಡಿಯದು. ಅದಕ್ಕಿಂತ ಒಂದು ವರ್ಷ ಮೊದಲು ಬಂದ ಎಸ್‌ಎಂ 57 ವಾದ್ಯಗಳಿಗೆ ಹೆಚ್ಚು ಒಪ್ಪುತ್ತದೆ. ಗಿಟಾರಿಗೆ ನಿಜವಾಗಿ ಹೊಂದುವುದು ಚಿಕ್ಕ ಪರದೆಯ ಕಂಡೆನ್ಸರ್ ಮೈಕು. ಪೆನ್ಸಿಲಿನಂತೆ ಸಪೂರವಾಗಿರುವ ಇದರ ಪರದೆ ಬಹು ಹಗುರ. ಬೆರಳು ತಂತಿಯನ್ನು ಬಿಟ್ಟ ಕ್ಷಣವನ್ನು ಅದು ಹಿಡಿಯಬಲ್ಲದು. ಇದಕ್ಕೆ ಮಿಕ್ಸರಿನಿಂದ 48 ವೋಲ್ಟಿನ ವಿದ್ಯುತ್ ಬೇಕು. ಆ ಗುಂಡಿ ನಮ್ಮ ಮಿಕ್ಸರಿನಲ್ಲಿದೆಯೇ ಎಂದು ನೋಡಿಯೇ ಕೊಳ್ಳಬೇಕು. ಎಲ್ಲ ದಿಕ್ಕಿನಿಂದಲೂ ಸಮನಾಗಿ ಕೇಳುವ ಮೈಕುಗಳು ಮಂದ್ರವನ್ನು ಉಬ್ಬಿಸುವುದಿಲ್ಲ, ನಾದವೂ ಸಹಜ. ಆದರೆ ಸ್ಪೀಕರಿನ ಸದ್ದನ್ನೂ ಅವು ಅಷ್ಟೇ ಆದರದಿಂದ ಬರಮಾಡಿಕೊಳ್ಳುತ್ತವೆ. ಆದ್ದರಿಂದ ನಮಗೆ ಹೃದಯಾಕಾರದ ಗ್ರಹಣವುಳ್ಳ ಮೈಕೇ ಸರಿ. ಅದರ ಬೆನ್ನು ಕಿವುಡು. ಗಾಯಕರು ತಮ್ಮ ಹಾಡನ್ನು ಕೇಳಿಕೊಳ್ಳಲು ಇಡುವ ಸ್ಪೀಕರು ಆ ಬೆನ್ನಿನ ಕಡೆಗಿರಬೇಕು, ಸಭೆಯ ಸ್ಪೀಕರುಗಳು ಮೈಕಿಗಿಂತ ಮುಂದಿರಬೇಕು. ಈ ಎರಡು ನಿಯಮಗಳನ್ನು ಪಾಲಿಸದೆ ದುಬಾರಿ ಮೈಕನ್ನು ತಂದರೆ ಅದು ದುಬಾರಿಯಾಗಿ ಕಿರುಚುತ್ತದೆ, ಅಷ್ಟೇ.

ಇದೆಲ್ಲ ತಾಪತ್ರಯವೇ ಬೇಡವೆಂದು ಹಲವರು ತಂತಿ ಚುಚ್ಚುವ ಗಿಟಾರನ್ನು ಕೊಳ್ಳುತ್ತಾರೆ. ಹೆಲಿಕಾಪ್ಟರ್ ತಯಾರಕರಾಗಿದ್ದ ಚಾರ್ಲ್ಸ್ ಕಾಮನ್ 1966ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಓವೇಶನ್ ಕಂಪನಿ ಇಂತಹ ಗಿಟಾರುಗಳನ್ನು ಜನಪ್ರಿಯಗೊಳಿಸಿದವುಗಳಲ್ಲಿ ಒಂದು. ಕುದುರೆಯ ಮೇಲೆ ತಂತಿಗಳು ಒರಗುವ ಪಟ್ಟಿಯ ಅಡಿಯಲ್ಲಿ ಪೀಜೋ ಹರಳುಗಳಿರುತ್ತವೆ. ಅವು ಒತ್ತಡವನ್ನು ವಿದ್ಯುತ್ತಾಗಿಸುತ್ತವೆ. ಗಾಳಿಯಲ್ಲಿ ಪಸರಿಸಿದ ನಾದವನ್ನು ಅವು ಕೇಳುವುದೇ ಇಲ್ಲ. ಬಲವಾಗಿ ಮೀಟಿದಾಗ ಬರುವ ಆ ಗಡುಸಾದ, ಬಾತುಕೋಳಿಯ ಕೂಗಿನಂತಹ ಸದ್ದಿಗೆ ಕಾರಣವಿದೇ. ಬ್ಯಾಟರಿ ಇಲ್ಲದ ಪೀಜೋವನ್ನು ಮಿಕ್ಸರಿನ ಸಾಮಾನ್ಯ ತೂತಿಗೆ ನೇರವಾಗಿ ಚುಚ್ಚಿದರೆ ಮಂದ್ರವೂ ನಷ್ಟವಾಗುತ್ತದೆ. ಆ ಹರಳುಗಳಿಗೆ ಕನಿಷ್ಠ 10 ಲಕ್ಷ ಓಮ್ ತಡೆಯುಳ್ಳ ಪ್ರವೇಶ ಬೇಕು, ಮಿಕ್ಸರಿನ ಪ್ರವೇಶದಲ್ಲಿ ಅದು ಹತ್ತಾರು ಸಾವಿರ ಓಮ್ ಮಾತ್ರ. ನಡುವೆ ಒಂದು ಪ್ರೀಆ್ಯಂಪ್ ಅಥವಾ ಇದಕ್ಕೆ ತಕ್ಕ ಡಿಐ ಪೆಟ್ಟಿಗೆ ಇಡಬೇಕು. ಬ್ಯಾಟರಿಯುಳ್ಳ ಗಿಟಾರಾದರೆ ಹಬ್ಬದ ಹಿಂದಿನ ದಿನ ಬ್ಯಾಟರಿ ಬದಲಿಸಬೇಕು.

ಪೀಜೋವನ್ನು ನಾನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ಡ್ರಮ್ಸ್ ಪಕ್ಕದಲ್ಲಿರುವಾಗ, ತೆರೆದ ಮೈದಾನದಲ್ಲಿ, ಮೆರವಣಿಗೆಯಲ್ಲಿ ಅದಕ್ಕೆ ಬದಲಿಯಿಲ್ಲ. ಅದು ಕೊಡುವ ಸದ್ದನ್ನು ಗಿಟಾರಿನ ನಾದವೆಂದು ನಂಬಬಾರದು ಎಂಬುದಷ್ಟೇ ನನ್ನ ವಾದ. ಹೆಸರಾಂತ ವಾದಕರೂ ಈ ವಿಷಯದಲ್ಲಿ ಶ್ರೋತೃಗಳ ಕಣ್ಣಿಗೆ ಪರದೆ ಎಳೆದದ್ದುಂಟು. 1993ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ನಿರ್ವಾಣಾ ತಂಡವು ಎಂಟಿವಿಯ ‘ಅನ್‌ಪ್ಲಗ್ಡ್’ ಕಾರ್ಯಕ್ರಮವನ್ನು ನೀಡಿತು. ತಂತಿ ಚುಚ್ಚದೆ ನುಡಿಸುವುದು ಎಂಬುದೇ ಆ ಹೆಸರಿನ ಅರ್ಥ. ಆದರೆ ಕರ್ಟ್ ಕೋಬೇನ್ ಅವರ ಮಾರ್ಟಿನ್ ಗಿಟಾರಿನಲ್ಲಿ ಕಾಂತದ ಪಿಕಪ್ ಇತ್ತು. ಅದು ಆ್ಯಂಪ್ಲಿಫೈಯರಿಗೆ ಜೋಡಣೆಯಾಗಿತ್ತು. ಆ ಆ್ಯಂಪ್ಲಿಫೈಯರನ್ನು ವೇದಿಕೆಯ ಸಾಮಾನ್ಯ ಸ್ಪೀಕರಿನಂತೆ ಕಾಣುವಂತೆ ಮರೆಮಾಡಲಾಗಿತ್ತು. ಕಲಾಕೃತಿಯಾಗಿ ಆ ಕಛೇರಿಯ ಬೆಲೆ ಇದರಿಂದ ಕುಂದದು, ಆ ನಾದವನ್ನು ಅವರು ಬೇಕೆಂದೇ ಆರಿಸಿಕೊಂಡಿದ್ದರು. ನಮ್ಮ ಗಾನವೃಂದಗಳಲ್ಲಿ ಆಗುತ್ತಿರುವುದು ಹಾಗಲ್ಲ. ಇಲ್ಲಿ ಯಾರೂ ಆರಿಸದ ನಾದವೊಂದು ಅನುಕೂಲದ ಹೆಸರಿನಲ್ಲಿ ತಾನಾಗಿಯೇ ನೆಲೆಯೂರಿದೆ. ಸಾಧ್ಯವಿರುವಲ್ಲಿ ಪೀಜೋವಿನಿಂದ ಮಂದ್ರವನ್ನೂ ಮೈಕಿನಿಂದ ಉಳಿದ ಸೊಬಗನ್ನೂ ಪಡೆದು ಎರಡನ್ನೂ ಬೆರೆಸುವುದು ಉತ್ತಮ ಮಾರ್ಗ. ಬೆರೆಸಿದಾಗ ನಾದ ಪೊಳ್ಳಾಯಿತೆಂದರೆ ಒಂದರ ಧ್ರುವವನ್ನು ತಿರುಗಿಸುವ ಗುಂಡಿಯೊತ್ತಿ, ಯಾವಾಗ ತುಂಬಿಕೊಂಡು ಕೇಳಿಸುತ್ತದೆಯೋ ಹಾಗೆ ಬಿಡಬೇಕು.

ಕೊನೆಯ ದೋಷ ಮೈಕುಗಳ ಸಂಖ್ಯೆಯದು. ಪ್ರತಿ ಗಾಯಕನಿಗೂ ಒಂದು, ಪ್ರತಿ ವಾದ್ಯಕ್ಕೂ ಒಂದು ಎಂಬುದು ಇಂದು ಪ್ರತಿಷ್ಠೆಯ ಮಾತಾಗಿದೆ. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಕಿರುಚಾಟಕ್ಕೆ ಮುನ್ನ ನಮಗಿರುವ ಅಂತರ 3 ಡೆಸಿಬೆಲ್ ಕುಗ್ಗುತ್ತದೆ. ಒಂದರ ಬದಲು ಎಂಟು ಮೈಕುಗಳು ತೆರೆದಿದ್ದರೆ 9 ಡೆಸಿಬೆಲ್ ಕಳೆದುಕೊಂಡಂತೆ. ಗಿಟಾರಿನ ಸದ್ದು ಗಾಯಕರ ಮೈಕುಗಳಿಗೂ ತುಸು ತಡವಾಗಿ ತಲುಪಿ, ಬೆರೆತಾಗ ಕೆಲವು ಸ್ವರಾಂಶಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಇದನ್ನು ತಗ್ಗಿಸಲು, ಮೈಕಿಗೂ ಅದರ ವಾದ್ಯಕ್ಕೂ ಇರುವ ಅಂತರದ ಕನಿಷ್ಠ ಮೂರರಷ್ಟು ದೂರದಲ್ಲಿ ಮುಂದಿನ ಮೈಕು ಇರಬೇಕೆಂಬುದು ಅನುಭವಿಗಳ ನಿಯಮ.

ಮೈಕುಗಳು ಕಡಿಮೆಯಿದ್ದರೆ ಸಂಗೀತ ಸೊರಗುತ್ತದೆ ಎನ್ನುವವರಿಗೆ ಅಮೆರಿಕದ ನ್ಯಾಶ್‌ವಿಲ್ ನಗರದ ರೈಮನ್ ಸಭಾಂಗಣದ ಚರಿತ್ರೆ ಉತ್ತರ ಕೊಡುತ್ತದೆ. 1892ರಲ್ಲಿ ಸುವಾರ್ತಾ ಕೂಟಗಳಿಗಾಗಿ ತೆರೆದ ಕಟ್ಟಡವದು. ಇಂದಿಗೂ ಅಲ್ಲಿ ಕೂರಲು ಇರುವುದು ದೇವಾಲಯದ ಬೆಂಚುಗಳೇ. 1943ರಿಂದ 1974ರವರೆಗೆ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಬಾನುಲಿ ಕಾರ್ಯಕ್ರಮ ಅಲ್ಲಿಂದ ಪ್ರಸಾರವಾಯಿತು. ಆ ಕಾಲದಲ್ಲಿ ಬ್ಲೂಗ್ರಾಸ್ ತಂಡಗಳು ಗಿಟಾರು, ಬ್ಯಾಂಜೋ, ಮ್ಯಾಂಡೊಲಿನ್, ಪಿಟೀಲು ಹಿಡಿದು ಒಂದೇ ಮೈಕಿನ ಸುತ್ತ ನೆರೆಯುತ್ತಿದ್ದವು. ತನ್ನ ಸರದಿ ಬಂದವನು ಒಂದು ಹೆಜ್ಜೆ ಮುಂದೆ ಬಂದು ನುಡಿಸಿ, ಮುಗಿದೊಡನೆ ಹಿಂದೆ ಸರಿದು ಇನ್ನೊಬ್ಬನಿಗೆ ಜಾಗ ಬಿಡುತ್ತಿದ್ದನು. ಇತ್ತೀಚಿನ ದಶಕಗಳಲ್ಲಿ ಡೆಲ್ ಮೆಕ್ಕೂರಿ ತಂಡವು ಈ ಕ್ರಮಕ್ಕೆ ಮತ್ತೆ ಜೀವ ತುಂಬಿ ಹೆಸರಾಯಿತು. ಸಾಂಟಾ ಬಾರ್ಬರಾದ ಪ್ರಾರ್ಥನಾಲಯದಲ್ಲಿ ಕಂಡ ಸತ್ಯವೇ ಇಲ್ಲಿಯೂ ಕಾಣುತ್ತದೆ: ಸಮತೋಲವನ್ನು ಗುಂಡಿಗಳಿಗೆ ಒಪ್ಪಿಸದೆ ವಾದಕರು ತಾವೇ ಹೊತ್ತರು. ನಮ್ಮ ಗಾನವೃಂದವೊಂದು ಇದನ್ನು ಹಾಗೆಯೇ ನಕಲು ಮಾಡಬೇಕಿಲ್ಲ. ಆದರೆ ನಾಲ್ವರು ಗಾಯಕರಿಗೆ ಒಂದು ಮೈಕು, ಗಿಟಾರಿಗೆ ಒಂದು ಎಂದಿಟ್ಟುಕೊಂಡು, ಪಲ್ಲವಿಯನ್ನು ಸಭೆ ಎತ್ತಿಕೊಂಡಾಗ ಗಾಯಕರು ಅರ್ಧ ಹೆಜ್ಜೆ ಹಿಂದೆ ಸರಿಯುವುದನ್ನು ಅಭ್ಯಾಸ ಮಾಡಬಹುದಲ್ಲವೇ?

ಗಿಟಾರಿನ ನಾದಕ್ಕಾಗಿ ಇಷ್ಟು ಯೋಚಿಸಬೇಕೇ ಎಂದು ಕೇಳಬಹುದು. ಬೊಂಯ್ಗುಡುವ ಅಥವಾ ಕಟಕಟ ಎನ್ನುವ ಗಿಟಾರಿನಲ್ಲಿ ಶ್ರುತಿ ತಿಳಿಯುವುದಿಲ್ಲ, ಶ್ರುತಿ ತಿಳಿಯದ ಸಭೆ ಹಾಡುವುದಿಲ್ಲ. ಜನರು ಹಾಡದಿದ್ದಾಗ ಗಾನವೃಂದ ಇನ್ನಷ್ಟು ಏರಿಸುತ್ತದೆ. ಏರಿಸಿದಷ್ಟೂ ಪಕ್ಕದವರ ದನಿ ಕೇಳಿಸದೆ ಜನ ಇನ್ನಷ್ಟು ಮೌನವಾಗುತ್ತಾರೆ. ಕಡೆಗೆ ಭಕ್ತವೃಂದ ಪ್ರೇಕ್ಷಕವೃಂದವಾಗುತ್ತದೆ. ಮಹಾಸಭೆ ಬಯಸಿದ್ದು ಜನರ ಸಕ್ರಿಯ ಪಾಲುಗೊಳ್ಳುವಿಕೆಯನ್ನು. ಅದನ್ನು ಸಾಧಿಸಲೆಂದು ಒಳಬಂದ ವಾದ್ಯವೇ ಅದಕ್ಕೆ ಅಡ್ಡಿಯಾಗುವುದು ವಿಪರ್ಯಾಸ. ಚಿಕ್ಕ ಪ್ರಾರ್ಥನಾಲಯಗಳಲ್ಲಿ, ಕುಟುಂಬ ಪ್ರಾರ್ಥನೆಗಳಲ್ಲಿ ಗಿಟಾರಿಗೆ ಮೈಕೇ ಬೇಕಿಲ್ಲ. ಸ್ಪೇನಿನ ಮಹಾವಾದಕ ಆಂಡ್ರೆಸ್ ಸೆಗೋವಿಯಾ ದೊಡ್ಡ ಸಭಾಂಗಣಗಳಲ್ಲಿಯೂ ಧ್ವನಿವರ್ಧಕವನ್ನು ನಿರಾಕರಿಸಿದವರು. ಮೆಲ್ಲನೆಯ ನಾದಕ್ಕೆ ಜನ ತಾವೇ ಮೌನವಾಗಿ ಕಿವಿಗೊಡುತ್ತಿದ್ದರು.

ಆದ್ದರಿಂದ ಗಾನವೃಂದಗಳಿಗೆ ನನ್ನ ವಿನಂತಿ ಇಷ್ಟೇ. ಭಾನುವಾರದ ಪೂಜೆಗೆ ಮುನ್ನ ಕಾಲು ಗಂಟೆಯನ್ನು ಇದಕ್ಕಾಗಿ ಮೀಸಲಿಡಿರಿ. ಒಬ್ಬರು ಗಿಟಾರು ನುಡಿಸಲಿ, ಇನ್ನೊಬ್ಬರು ಮೈಕನ್ನು ನಿಧಾನವಾಗಿ ಸರಿಸಲಿ, ಮೂರನೆಯವರು ಕೊನೆಯ ಬೆಂಚಿನಲ್ಲಿ ಕುಳಿತು ಕೇಳಲಿ. ಆ ಮೂರನೆಯವರು ತಂತ್ರಜ್ಞರಾಗಿರಬೇಕಿಲ್ಲ. ವರ್ಷಗಳಿಂದ ಅದೇ ಬೆಂಚಿನಲ್ಲಿ ಕುಳಿತು ಹಾಡುತ್ತಾ ಬಂದ ಅಜ್ಜಿಯೊಬ್ಬರಾದರೆ ಇನ್ನೂ ಒಳ್ಳೆಯದು. ಮೊದಲು ಮೈಕಿಲ್ಲದೆ ಹತ್ತಿರದಿಂದ ಗಿಟಾರನ್ನು ಕೇಳಲಿ, ಬಳಿಕ ಸ್ಪೀಕರಿನಲ್ಲಿ ಕೇಳಲಿ. ಎರಡೂ ಒಂದೇ ವಾದ್ಯದಂತೆ ಕೇಳಿಸಿದ ಕಡೆ ಸ್ಟ್ಯಾಂಡಿನ ಕಾಲುಗಳ ಗುರುತನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಹಾಕಿರಿ. ಹೊಸ ಮೈಕಿಗಾಗಿ ಧರ್ಮಕೇಂದ್ರದ ಮಂಡಳಿಯ ಮುಂದೆ ಬೇಡಿಕೆ ಇಡುವುದು ಅದಾದ ಮೇಲಿನ ಮಾತು. ಎಷ್ಟೋ ಕಡೆ ಆ ಬೇಡಿಕೆಯ ಅಗತ್ಯವೇ ಬೀಳಲಿಕ್ಕಿಲ್ಲ.